ಮುಳುಗಿದ ಕಸಕ್ಕೆ ವಾರಸುದಾರರು ಯಾರು?

ಪಿರಿಯಾಪಟ್ಟಣ ಬಿಟ್ಟ ಬಸ್ಸು ಬೈಲಕುಪ್ಪೆಯ ಜೋಳದ ಹೊಲಗಳನ್ನು ಹಿಂದೆ ಹಾಕಿ ಕೊಪ್ಪಕ್ಕೆ ಬಂದರೆ ಎದುರಿಗೆ ಕಾವೇರಿ. ಸೇತುವೆಯ ಈಚೆ ಮೈಸೂರು ಜಿಲ್ಲೆ, ಆಚೆ ಕೊಡಗು. ಈ ದಡದ ಕಸ ಕೊಪ್ಪ ಗ್ರಾಮ ಪಂಚಾಯಿತಿಯ ಲೆಕ್ಕಕ್ಕೆ, ಆ ದಡದ್ದು ಕುಶಾಲನಗರ ಪುರಸಭೆಯ ಲೆಕ್ಕಕ್ಕೆ. ನಡುನೀರಿನಲ್ಲಿ ಮುಳುಗಿದ ಕಸ ಯಾರ ಲೆಕ್ಕಕ್ಕೆ? ಅದಕ್ಕೆ ಯಾವ ಕಚೇರಿಯಲ್ಲೂ ಕಡತವಿಲ್ಲ. ಪೌರಕಾರ್ಮಿಕರ ಪೊರಕೆ ದಡದ ಮೆಟ್ಟಿಲಿಗೆ ನಿಲ್ಲುತ್ತದೆ, ಕಸದ ಗಾಡಿ ರಸ್ತೆಗೆ ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ನೀರಿಗಿಳಿಯುವವರು ಸ್ವಂತ ಇಷ್ಟದಿಂದ ಇಳಿಯುವ ಜನ.

ಸೇತುವೆಯಿಂದ ಬಗ್ಗಿ ನೋಡಿದವರಿಗೆ ನಾಲ್ಕು ಬಾಟಲಿ, ಎರಡು ಕ್ಯಾರಿಬ್ಯಾಗು, ಬಾಡಿದ ಹೂವಿನ ಹಾರ ಕಾಣುತ್ತವೆ. ಅಷ್ಟೇನಾ ಎನ್ನಿಸುತ್ತದೆ. ನದಿಯ ಹೊಟ್ಟೆಯಲ್ಲಿರುವ ಲೆಕ್ಕವೇ ಬೇರೆ. ಮುಚ್ಚಳ ಬಿಗಿದ ನೀರಿನ ಬಾಟಲಿ ತೇಲುತ್ತದೆ. ಮುಚ್ಚಳ ಕಳಚಿ ನೀರು ತುಂಬಿದ್ದು ತಳಕ್ಕೆ ಹೋಗುತ್ತದೆ, ಯಾಕೆಂದರೆ ಆ ಪ್ಲಾಸ್ಟಿಕ್ ನೀರಿಗಿಂತ ಭಾರ. ಕ್ಯಾರಿಬ್ಯಾಗು ಹಗುರ, ಆದರೆ ಒಳಗೆ ಒಂದು ಹಿಡಿ ಮರಳು ಸೇರಿದರೆ ಅದೂ ಕೂರುತ್ತದೆ. ಬಿಯರ್ ಬಾಟಲಿ, ದೇವರ ಪಟದ ಗಾಜು, ಒಡೆದ ವಿಗ್ರಹ, ಹಳೇ ಟೈರು, ಹರಿದ ಮೀನುಬಲೆ, ಪೂಜೆಯ ಸಾಮಾನು ಕಟ್ಟಿ ಎಸೆದ ಗೋಣಿಚೀಲ ಎಲ್ಲವೂ ಎಸೆದ ಜಾಗದಲ್ಲೋ ಅದರ ಮುಂದಿನ ಮಡುವಿನಲ್ಲೋ ಠಿಕಾಣಿ ಹೂಡುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ಬಟ್ಟೆ.

ಬಟ್ಟೆಯ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ತೀರ್ಥಸ್ನಾನ ಮಾಡಿದವರು ಉಟ್ಟ ಬಟ್ಟೆಯನ್ನು ಹೊಳೆಯಲ್ಲೇ ಬಿಟ್ಟರೆ ಅಂಟಿದ ದೋಷವೂ ಹರಿದುಹೋಗುತ್ತದೆ ಎಂಬ ನಂಬಿಕೆ ನಮ್ಮ ಅನೇಕ ಕ್ಷೇತ್ರಗಳಲ್ಲಿದೆ. ಧರ್ಮಸ್ಥಳದ ನೇತ್ರಾವತಿ ಸ್ನಾನಘಟ್ಟ, ಕುಕ್ಕೆಯ ಕುಮಾರಧಾರಾ, ನಂಜನಗೂಡಿನ ಕಪಿಲೆ, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ, ಎಲ್ಲೆಲ್ಲೂ ಇದೇ ಕಥೆ. ಅಸ್ಥಿ ಬಿಡಲು ಬಂದವರು ತೀರಿಕೊಂಡವರ ಹಾಸಿಗೆ, ದಿಂಬು, ಸೀರೆ, ಪಂಚೆಗಳನ್ನೂ ನೀರಿಗೆ ಒಪ್ಪಿಸಿ ಹೋಗುತ್ತಾರೆ. ಹತ್ತಿಯ ಪಂಚೆಯ ಕಾಲದಲ್ಲಿ ಅದು ಕೊಳೆತು ಮಣ್ಣಾಗುತ್ತಿತ್ತು. ಈಗ ಉಡುವುದೆಲ್ಲ ಪಾಲಿಯೆಸ್ಟರ್. ಅದು ಕೊಳೆಯುವುದಿಲ್ಲ, ಎಳೆ ಎಳೆಯಾಗಿ ಸವೆದು ನೀರಿಗೆ ಸೇರುತ್ತದೆ. ನಂಬಿಕೆ ಹಳೆಯದೇ ಉಳಿಯಿತು, ನೂಲು ಬದಲಾಯಿತು. ಹೊಳೆಗೆ ಬಂದ ಕುತ್ತಿನ ಅರ್ಧ ಭಾಗ ಇಲ್ಲಿದೆ.

ಮುಳುಗಿದ ಒಂದು ಸೀರೆಯನ್ನು ಹೊರಗೆಳೆಯುವುದು ದಡದಲ್ಲಿ ನಿಂತವರು ಅಂದುಕೊಂಡಷ್ಟು ಸಲೀಸಲ್ಲ. ಹರಿವಿನಲ್ಲಿ ಬಿಚ್ಚಿಕೊಂಡ ಆರು ಗಜ ಮೊದಲು ಒಂದು ಬಂಡೆಯನ್ನೋ ಹೊಳೆಮತ್ತಿಯ ಬೇರನ್ನೋ ಸುತ್ತಿಕೊಳ್ಳುತ್ತದೆ. ಮಳೆಗಾಲದ ಕೆಂಪು ನೀರು ಅದರ ಮೇಲೆ ಮರಳು ಹೇರುತ್ತದೆ. ಮರುವರ್ಷ ಇನ್ನೊಂದು ಸೀರೆ ಅದಕ್ಕೇ ಸಿಕ್ಕಿಕೊಳ್ಳುತ್ತದೆ, ಅದರ ಮೇಲೆ ಪಂಚೆ, ಪಂಚೆಗೆ ಬಲೆಯ ತುಂಡು. ಹೀಗೆ ಹೆಣೆದುಕೊಂಡ ಗಂಟನ್ನು ಹಿಡಿದು ಮೇಲಕ್ಕೆ ಜಗ್ಗಿದರೆ ಬರುವುದಿಲ್ಲ. ಅಡಿಯಲ್ಲಿ ಕುಳಿತು ತುದಿ ಹುಡುಕಬೇಕು, ಹರಿವಿನ ಕೆಳಗಿನ ಕಡೆಯಿಂದ ಮರಳು ಬಗೆಯಬೇಕು, ಬಂಡೆಯ ಸುತ್ತಿನ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಬೇಕು. ಕೈ ಆಡಿಸಿದ ಕ್ಷಣ ಹೂಳು ಎದ್ದು ಕಣ್ಣಿಗೆ ಏನೂ ಕಾಣದಾಗುತ್ತದೆ. ಆಮೇಲಿನ ಕೆಲಸವೆಲ್ಲ ಬೆರಳಿನ ಅಂದಾಜಿನ ಮೇಲೆ. ಬಟ್ಟೆಯ ನಡುವೆ ಒಡೆದ ಗಾಜಿದ್ದರೆ ಮೊದಲು ಗೊತ್ತಾಗುವುದೂ ಬೆರಳಿಗೇ. ಉಸಿರು ಹಿಡಿದು ಮುಳುಗುವವರಿಗೆ ಒಂದು ಮುಳುಗಿಗೆ ಇಷ್ಟೆಲ್ಲ ಮುಗಿಯುವುದಿಲ್ಲ. ಮೇಲೆ ಬಂದು ಉಸಿರು ತೆಗೆದುಕೊಂಡು, ಬಿಟ್ಟ ತುದಿಯನ್ನೇ ಮತ್ತೆ ತಡಕಾಡಿ ಹಿಡಿಯಬೇಕು.

ಇಂಥ ಕೆಲಸಕ್ಕೆ ಕೈ ಹಾಕಿದವರು ಈ ಸೀಮೆಯಲ್ಲಿ ಇದ್ದಾರೆ. ಕುಶಾಲನಗರದಲ್ಲಿ ಕಾವೇರಿ ನದಿ ಸ್ವಚ್ಛತಾ ಆಂದೋಲನ ಸಮಿತಿ ವರ್ಷಗಳಿಂದ ದಡ ಮತ್ತು ಸ್ನಾನಘಟ್ಟಗಳ ಶ್ರಮದಾನವನ್ನು ನಡೆಸಿಕೊಂಡು ಬಂದಿದೆ. ಹುಣ್ಣಿಮೆಯ ಕಾವೇರಿ ಆರತಿಗೆ ಸೇರುವ ಜನರಿಗೆ ಅಲ್ಲಿಯೇ ಹೊಳೆಯ ಸ್ಥಿತಿಯನ್ನು ತಿಳಿಸುತ್ತದೆ. ನಂಜನಗೂಡಿನಲ್ಲಿ ಯುವಾ ಬ್ರಿಗೇಡ್‌ನ ಹುಡುಗರು ಕಪಿಲೆಗೆ ಇಳಿದು, ಎದೆಮಟ್ಟದ ನೀರಿನಲ್ಲಿ ಸಾಲಾಗಿ ನಿಂತು ಬಟ್ಟೆ, ಪಟ, ಮಡಕೆ ಚೂರುಗಳನ್ನು ಕೈಯಿಂದ ಕೈಗೆ ದಾಟಿಸಿ ದಡಕ್ಕೆ ಹಾಕಿದರು. ದುಬಾರೆಯಿಂದ ಕೆಳಗೆ ರ್‍ಯಾಫ್ಟಿಂಗ್ ನಡೆಸುವ ಹುಡುಗರಿಗೆ ನದಿಯ ಪ್ರತಿ ಬಂಡೆ, ಪ್ರತಿ ಸುಳಿಯ ಪರಿಚಯವಿದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೆ ನುಗ್ಗಿದಾಗ ರ್‍ಯಾಫ್ಟ್‌ಗಳು ಬೀದಿಯಲ್ಲಿ ಸಾಗಿ ಜನರನ್ನು ಹೊರತಂದಿದ್ದವು. ನೆರೆ ಇಳಿದ ಮೇಲೆ ದಡದ ಮರಗಳ ಕೊಂಬೆಗಳಲ್ಲಿ ಆಳೆತ್ತರಕ್ಕೆ ಪ್ಲಾಸ್ಟಿಕ್ ನೇತಾಡುತ್ತಿದ್ದುದನ್ನು ನೋಡಿದ ಯಾರೂ, ಹೊಳೆ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ ಎಂಬ ಹಳೆಯ ಮಾತನ್ನು ಮತ್ತೆ ಆಡಲಾರರು.

ಈ ಕೆಲಸಕ್ಕೆ ಬೇಕಾದ ವಿದ್ಯೆ ನಮ್ಮಲ್ಲಿ ಹೊಸದೇನಲ್ಲ, ಆದರೆ ಅದು ಬೆಳೆದಿದ್ದು ಬೇರೆಯ ಕಾರಣಕ್ಕೆ. ಚುಂಚನಕಟ್ಟೆಯಲ್ಲೋ ಕೊಪ್ಪದಲ್ಲೋ ಹೊಳೆಗಿಳಿದ ಹುಡುಗನೊಬ್ಬ ಮೇಲೆ ಬರದಿದ್ದರೆ ಅಗ್ನಿಶಾಮಕ ದಳದ ಜೊತೆಗೇ ಊರಿನ ನುರಿತ ಈಜುಗಾರರಿಗೆ, ಮೀನು ಹಿಡಿಯುವ ಬೆಸ್ತರಿಗೆ ಫೋನು ಹೋಗುತ್ತದೆ. ಯಾವ ಮಡು ಎಷ್ಟು ಆಳ, ಸೆಳವು ಎಲ್ಲಿ ಎಳೆದೊಯ್ದು ಎಲ್ಲಿ ಬಿಡುತ್ತದೆ ಎಂಬುದು ಅವರಿಗೆ ಬಾಯಿಪಾಠ. ರಾಜ್ಯದಲ್ಲಿ ಈ ಸೇವೆಗೆ ಹೆಸರಾದವರು ಉಡುಪಿ ಜಿಲ್ಲೆಯ ಈಶ್ವರ್ ಮಲ್ಪೆ. ಸಮುದ್ರ, ನದಿ, ಬಾವಿ ಎನ್ನದೆ ಮುಳುಗಿ, ಹಣ ಕೇಳದೆ, ಮುಳುಗಿದವರನ್ನು ಮನೆಯವರಿಗೆ ತಂದುಕೊಡುವ ಆಪದ್ಬಾಂಧವ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಲಾರಿಯೊಂದು ಗಂಗಾವಳಿ ನದಿ ಪಾಲಾದಾಗ ಅವರೂ ಅಲ್ಲಿ ಮುಳುಗಿದ್ದರು. ಆ ಘಟನೆಯಲ್ಲಿ ಇನ್ನೊಂದು ಪಾಠವೂ ಇತ್ತು. ನೌಕಾಪಡೆಯ ಮುಳುಗುಗಾರರೂ ಸೆಳವು ಇಳಿಯುವವರೆಗೆ ಕೈಕಟ್ಟಿ ಕಾಯಬೇಕಾಯಿತು. ಲಾರಿ ಕೊನೆಗೆ ಮೇಲೆ ಬಂದಿದ್ದು ಸೆಪ್ಟೆಂಬರ್ 25ರಂದು, ಗೋವಾದಿಂದ ಡ್ರೆಜರ್ ತಂದ ಮೇಲೆ. ಹರಿಯುವ ನೀರಿನ ಮುಂದೆ ಧೈರ್ಯವೊಂದೇ ಸಾಲದು.

ಹೆಣ ತೆಗೆಯಲು ಇವರನ್ನು ಕರೆಯುವ ಊರು, ಕಸ ತೆಗೆಯಲೂ ಕರೆಯಬೇಕು. ಆದರೆ ಬರಿಗೈಯಲ್ಲಿ ಕರೆಯಬಾರದು.

ಕಾವೇರಿಯಲ್ಲಿ ಮುಳುಗುವುದಕ್ಕೂ ಮುರ್ಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಸ್ಕೂಬಾ ಮಾಡುವುದಕ್ಕೂ ಅಜಗಜಾಂತರ. ನೇತ್ರಾಣಿಯ ತಿಳಿನೀರಿನಲ್ಲಿ ಹವಳ, ಬಣ್ಣದ ಮೀನು ಕಣ್ಣಿಗೆ ಬೀಳುತ್ತವೆ. ಬೆನ್ನ ಮೇಲೆ ಸಿಲಿಂಡರ್, ಪಕ್ಕದಲ್ಲಿ ತರಬೇತುದಾರ. ನಮ್ಮ ಹೊಳೆಯಲ್ಲಿ ಎರಡು ಮೂರು ಮೀಟರ್ ಇಳಿದರೆ ಕಿವಿ ಹಿಡಿದುಕೊಳ್ಳುತ್ತದೆ, ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡು ಪಟ್ಟಾಗುತ್ತದೆ. ಆಳಕ್ಕಿಂತ ದೊಡ್ಡ ಅಪಾಯ ಸಿಕ್ಕಿಹಾಕಿಕೊಳ್ಳುವುದು. ನೈಲಾನ್ ಬಲೆಯ ಒಂದು ಎಳೆ ಕಾಲಿಗೋ ಸಿಲಿಂಡರಿನ ಕವಾಟಕ್ಕೋ ತಗುಲಿದರೆ ಜಗ್ಗಿದಷ್ಟೂ ಬಿಗಿಯುತ್ತದೆ. ಹಾಗಾಗಿ ಬಲ್ಲವರು ಒಬ್ಬರೇ ಇಳಿಯುವುದಿಲ್ಲ, ತೊಡೆಗೊಂದು ಚಾಕು ಕಟ್ಟದೆ ಇಳಿಯುವುದಿಲ್ಲ, ಮೇಲೆ ತೆಪ್ಪದಲ್ಲಿ ಹಗ್ಗ ಹಿಡಿದವರಿಲ್ಲದೆ ಇಳಿಯುವುದಿಲ್ಲ. ಹಗ್ಗದ ಜಗ್ಗುವಿಕೆಯೇ ಮಾತು: ಎಷ್ಟು ಸಲ ಜಗ್ಗಿದರೆ ಏನರ್ಥ ಎಂಬುದನ್ನು ದಡದಲ್ಲೇ ಗೊತ್ತು ಮಾಡಿಕೊಂಡಿರುತ್ತಾರೆ.

ಸಲಕರಣೆಯ ವಿಷಯಕ್ಕೆ ಬಂದರೆ ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಕಬ್ಬಿಣದ ಬಳೆಗೆ ಸುತ್ತಲೂ ಕೊಕ್ಕೆ ನೇತುಬಿಟ್ಟ ಆ ಸಾಧನವನ್ನು ತೆಪ್ಪದಿಂದ ಇಳಿಬಿಟ್ಟು ಎಳೆದರೆ ಸಡಿಲವಾಗಿ ಬಿದ್ದ ಬಟ್ಟೆ ಸಿಕ್ಕಿಕೊಂಡು ಮೇಲೆ ಬರುತ್ತದೆ, ಯಾರೂ ಮುಳುಗಬೇಕಿಲ್ಲ. ಟೈರು, ಬಟ್ಟೆಯ ಗಂಟಿನಂಥ ಭಾರದ ವಸ್ತುವಿಗೆ ವೃತ್ತಿಪರ ಮುಳುಗುಗಾರರು ಗಾಳಿಚೀಲ ಕಟ್ಟುತ್ತಾರೆ. ಚೀಲಕ್ಕೆ ತುಂಬಿದ ಒಂದೊಂದು ಲೀಟರ್ ಗಾಳಿಯೂ ಸುಮಾರು ಒಂದೊಂದು ಕಿಲೋ ಭಾರ ಎತ್ತುತ್ತದೆ. ದಪ್ಪ ಕೈಗವಸು, ಗಟ್ಟಿ ಅಡಿಯ ಬೂಟು, ಧನುರ್ವಾಯುವಿನ ಚುಚ್ಚುಮದ್ದು, ಇಲಿಜ್ವರದ ಬಗ್ಗೆ ವೈದ್ಯರ ಸಲಹೆ ಇವೆಲ್ಲ ಅಡ್ಡಖರ್ಚಲ್ಲ. ಬರಿಗಾಲಲ್ಲಿ ನೀರಿಗಿಳಿದ ಕಾಲೇಜು ಹುಡುಗನ ಹಿಮ್ಮಡಿಗೆ ಒಡೆದ ಬಾಟಲಿ ಹೊಕ್ಕರೆ, ಮುಂದಿನ ಶ್ರಮದಾನಕ್ಕೆ ಅವನ ತಾಯಿ ಅವನನ್ನು ಕಳಿಸುತ್ತಾಳೆಯೆ?

ಇನ್ನು ಮೊಸಳೆ. ಕಾವೇರಿಯಲ್ಲೂ ಕಬಿನಿಯಲ್ಲೂ ಮೊಸಳೆಗಳಿವೆ, ಎಚ್.ಡಿ. ಕೋಟೆ ಕಡೆಯ ಹಿನ್ನೀರು, ಕೆ.ಆರ್. ನಗರದಿಂದ ಕೆಳಗೆ ಕೆಆರ್‌ಎಸ್‌ವರೆಗಿನ ನಿಧಾನದ ನೀರು ಅವುಗಳ ವಾಸಸ್ಥಾನ. ಅಂಥ ಕಡೆ ಅರಣ್ಯ ಇಲಾಖೆಯನ್ನು ಕೇಳದೆ ಯಾರೂ ನೀರಿಗೆ ಇಳಿಯಬಾರದು. ಅಣೆಕಟ್ಟೆಯ ನೀರೂ ಅಷ್ಟೇ. ಪಿರಿಯಾಪಟ್ಟಣದ ಗದ್ದೆಗಳಿಗೆ ಕಾಲುವೆಯಲ್ಲಿ ಬರುವ ಹಾರಂಗಿ, ಹೊಳೆಯಾಗಿ ಕೂಡಿಗೆಯ ಬಳಿ ಕಾವೇರಿಯನ್ನು ಸೇರುತ್ತದೆ. ಜಲಾಶಯದಿಂದ ನೀರು ಬಿಟ್ಟರೆ ಕೂಡಿಗೆಯಿಂದ ಕೆಳಗೆ, ಕಣಿವೆಯ ತೂಗುಸೇತುವೆಯಡಿಯಲ್ಲಿ, ಅದರಾಚೆಯ ದಿಂಡಗಾಡಿನ ದಡದಲ್ಲಿ ಹರಿವು ಏರುತ್ತದೆ.

ಇದರಿಂದಾಗಿ ಕೆಲಸಕ್ಕೆ ಸಿಗುವ ಕಾಲವೇ ಚಿಕ್ಕದು. ಜೂನ್‌ನಲ್ಲಿ ಮಳೆ ಹಿಡಿದರೆ ಹೊಳೆ ಕೆಂಪಗಾಗಿ ಉಕ್ಕುತ್ತದೆ. ಅಕ್ಟೋಬರ್‌ನ ತುಲಾ ಸಂಕ್ರಮಣ, ಆ ತಿಂಗಳಿಡೀ ನಡೆಯುವ ತುಲಾಸ್ನಾನ ಮುಗಿಯುವವರೆಗೂ ನೀರು ತಿಳಿಯಾಗುವುದಿಲ್ಲ. ಹೊಳೆ ಇಳಿದು ಬಂಡೆಗಳು ತಲೆ ಎತ್ತುವುದು ಸಂಕ್ರಾಂತಿಯ ಹೊತ್ತಿಗೆ, ಚುಂಚನಕಟ್ಟೆಯ ದನಗಳ ಜಾತ್ರೆ ಸೇರುವ ಕಾಲಕ್ಕೆ. ಅಲ್ಲಿಂದ ಮೇ ಮಧ್ಯದವರೆಗೆ ಸಿಗುವ ನಾಲ್ಕು ತಿಂಗಳೇ ಮುಳುಗುಗಾರರ ಹಂಗಾಮು. ಪರಿಸರ ದಿನವೆಂದು ಜೂನ್ 5ಕ್ಕೆ ನದಿ ಸ್ವಚ್ಛತೆ ಇಟ್ಟುಕೊಳ್ಳುವುದು ಫೋಟೊಗೆ ಸರಿ. ಹೊಳೆಯ ತಳ ಮುಟ್ಟಬೇಕೆಂದರೆ ಫೆಬ್ರುವರಿ, ಮಾರ್ಚ್ ತಿಂಗಳ ಭಾನುವಾರಗಳು ಬೇಕು.

ಹೊರಗಿನ ಎರಡು ಉದಾಹರಣೆಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಅಮೆರಿಕದ ಫ್ಲಾರಿಡಾದ ಡಿಯರ್‌ಫೀಲ್ಡ್ ಬೀಚ್‌ನಲ್ಲಿ 2019ರ ಜೂನ್ 15ರಂದು 633 ಮುಳುಗುಗಾರರು ಒಟ್ಟಿಗೆ ಸಮುದ್ರದ ತಳ ಸ್ವಚ್ಛ ಮಾಡಿ ಗಿನ್ನೆಸ್ ದಾಖಲೆ ಬರೆದರು. ಅದು ಒಂದು ದಿನದ ಹಬ್ಬ. ಅದಕ್ಕಿಂತ ಅನುಕರಿಸಬೇಕಾದ್ದು ಅದೇ ದೇಶದ ಟಾಹೋ ಸರೋವರದ ಕೆಲಸ. ‘ಕ್ಲೀನ್ ಅಪ್ ದ ಲೇಕ್’ ಎಂಬ ಸಂಸ್ಥೆಯ ಸ್ವಯಂಸೇವಕರು 2021ರ ಮೇಯಿಂದ ಒಂದು ವರ್ಷ ಕಾಲ, 72 ಮೈಲಿ ಸುತ್ತಳತೆಯ ಆ ಸರೋವರದ ದಡದುದ್ದಕ್ಕೂ ಮುಳುಗಿ 25 ಸಾವಿರ ಪೌಂಡಿಗೂ ಹೆಚ್ಚು, ಅಂದರೆ 11 ಟನ್‌ಗೂ ಮೀರಿದ ಕಸ ತೆಗೆದರು. ಅವರು ತೂಗಿ ಸುಮ್ಮನಾಗಲಿಲ್ಲ. ಮೇಲೆ ಬಂದದ್ದನ್ನೆಲ್ಲ ವಿಂಗಡಿಸಿ, ಎಣಿಸಿ, ಎಲ್ಲಿ ಸಿಕ್ಕಿತೆಂದು ಬರೆದಿಟ್ಟರು. ಲೋಕದ ಬೇರೆ ಬೇರೆ ಕಡೆಯ ಮುಳುಗುಗಾರರು ‘ಡೈವ್ ಅಗೇನ್‌ಸ್ಟ್ ಡೆಬ್ರಿ’ ಎಂಬ ಕಾರ್ಯಕ್ರಮದಡಿ 2011ರಿಂದ ಮಾಡುತ್ತಿರುವುದೂ ಇದನ್ನೇ. ಯಾವ ಕಸ ಎಲ್ಲಿಂದ ಬರುತ್ತದೆಂದು ಬಾಯಿಮಾತಿನಲ್ಲಿ ಹೇಳಿದರೆ ಯಾವ ಅಧಿಕಾರಿಯೂ ಕೇಳುವುದಿಲ್ಲ. ಕೊಪ್ಪ ಸೇತುವೆಯಡಿ ಇಷ್ಟು ಬಿಯರ್ ಬಾಟಲಿ, ಸ್ನಾನಘಟ್ಟದಡಿ ಇಷ್ಟು ಸೀರೆ, ಕಣಿವೆಯಲ್ಲಿ ಇಷ್ಟು ಮಾರು ಬಲೆ ಎಂದು ಮೂರು ವರ್ಷದ ಪಟ್ಟಿ ಮುಂದಿಟ್ಟರೆ ಕೇಳಲೇಬೇಕಾಗುತ್ತದೆ. ನಮ್ಮ ಶ್ರಮದಾನಗಳಲ್ಲಿ ಟ್ರ್ಯಾಕ್ಟರ್ ಲೋಡಿನ ಲೆಕ್ಕ ಸಿಗುತ್ತದೆ. ಲೋಡಿನೊಳಗೆ ಏನಿತ್ತು ಎಂಬ ಲೆಕ್ಕ ಅಪರೂಪ.

ಬಲೆಯ ವಿಷಯ ಬಂದಿದ್ದರಿಂದ ಮೀನಿನ ಮಾತು. ಕಣಿವೆ ದಾಟಿ ಹರಿಯುವ ಕಾವೇರಿ ರಾಮನಾಥಪುರ ತಲುಪುತ್ತದೆ. ಅಲ್ಲಿ ದೇವಸ್ಥಾನದ ಮೆಟ್ಟಿಲ ಬಳಿ ಮಶೀರ್ ಮೀನುಗಳಿಗೆ ಅಭಯ. ಹಿಡಿಯುವಂತಿಲ್ಲ, ಭಕ್ತರು ಪುರಿ ಹಾಕುತ್ತಾರೆ. ಕಾವೇರಿ ಕೊಳ್ಳಕ್ಕೇ ಸೀಮಿತವಾದ, ಬೆನ್ನು ಡುಬ್ಬಿದ ದೊಡ್ಡ ಮಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾಗಿದ್ದೇ 2018ರಲ್ಲಿ, ಟಾರ್ ರೆಮದೇವಿ ಎಂದು. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯ ಅತಿ ಗಂಭೀರ ವರ್ಗಕ್ಕೂ ಸೇರಿತು. ಯಾರೋ ಬಿಟ್ಟುಹೋದ ಬಲೆಗೆ ಹಿಡಿಯುವವರು ಬೇಕಿಲ್ಲ. ಅದು ತನ್ನಷ್ಟಕ್ಕೆ ಮೀನು, ಆಮೆ, ನೀರುನಾಯಿಗಳನ್ನು ಹಿಡಿಯುತ್ತಲೇ ಇರುತ್ತದೆ. ಮುಳುಗುಗಾರನೊಬ್ಬ ಒಂದು ಭಾನುವಾರ ಒಂದೇ ಒಂದು ಬಲೆ ಬಿಡಿಸಿ ತಂದರೂ ಆ ದಿನದ ಶ್ರಮ ಸಾರ್ಥಕವೇ.

ಆದರೆ ಎಲ್ಲ ಹೊಳೆಗೂ ಮುಳುಗುಗಾರರೇ ಮದ್ದಲ್ಲ. ಹುಣಸೂರಿನ ಲಕ್ಷ್ಮಣತೀರ್ಥವನ್ನೇ ನೋಡಿ. ಬ್ರಹ್ಮಗಿರಿಯ ಕಾಡಿನಿಂದ ಇರ್ಪುವಿನಲ್ಲಿ ಧುಮುಕಿ, ನಾಗರಹೊಳೆಯನ್ನು ಹಾದು, ಹನಗೋಡು ಅಣೆಕಟ್ಟೆಗೆ ತಿಳಿಯಾಗಿಯೇ ಬರುವ ನದಿ ಹುಣಸೂರು ಪಟ್ಟಣ ದಾಟುವಷ್ಟರಲ್ಲಿ ಚರಂಡಿಗಳ ಪಾಲಾಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿಪಾತ್ರಗಳನ್ನು ಗುರುತಿಸಿತು. ಅವುಗಳಲ್ಲಿ ಕರ್ನಾಟಕದವು 17, ಹುಣಸೂರಿನಿಂದ ಕಟ್ಟೆಮಳಲವಾಡಿವರೆಗಿನ ಲಕ್ಷ್ಮಣತೀರ್ಥ ಅವುಗಳಲ್ಲೊಂದು, ಅದೂ ಮೂರನೇ ಆದ್ಯತೆಯ ವರ್ಗದಲ್ಲಿ. ನೀರಿನಲ್ಲಿ ಕೊಳೆಯುವ ವಸ್ತುಗಳನ್ನು ಕರಗಿಸಲು ಬೇಕಾಗುವ ಆಮ್ಲಜನಕವನ್ನು ಬಿಒಡಿ ಎಂದು ಅಳೆಯುತ್ತಾರೆ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಮೂರನೇ ವರ್ಗವೆಂದರೆ 10ರಿಂದ 20. ಇಂಥ ನೀರಿಗೆ ಸ್ವಯಂಸೇವಕರನ್ನು ಇಳಿಸುವುದೇ ತಪ್ಪು. ಅಲ್ಲಿ ಆಗಬೇಕಾದ್ದು ಒಳಚರಂಡಿ ಮತ್ತು ಶುದ್ಧೀಕರಣ ಘಟಕ, ಅದು ಪೂರ್ತಿಯಾಗಿ ಸರ್ಕಾರದ ಹೊಣೆ. ಜನರ ಶ್ರಮದಾನವನ್ನು ತೋರಿಸಿ ಆ ಹೊಣೆಯಿಂದ ಯಾರೂ ನುಣುಚಿಕೊಳ್ಳಬಾರದು.

ಹಾಗೆಯೇ ಕಾನೂನುಗಳೂ ಇಲ್ಲದಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ ವಿಗ್ರಹಗಳನ್ನು ಕೆರೆ, ನದಿಗಳಲ್ಲಿ ಬಿಡುವುದಕ್ಕೆ ರಾಜ್ಯದಲ್ಲಿ 2016ರಿಂದಲೇ ತಡೆಯಿದೆ, ಪ್ಲಾಸ್ಟಿಕ್ ಕೈಚೀಲಕ್ಕೂ ಆ ವರ್ಷದಿಂದಲೇ ನಿಷೇಧ. 2025ರ ಮಾರ್ಚ್‌ನಲ್ಲಿ ಅರಣ್ಯ ಮತ್ತು ಪರಿಸರ ಸಚಿವ ಈಶ್ವರ ಖಂಡ್ರೆ ಅವರು ತೀರ್ಥಕ್ಷೇತ್ರಗಳ ನದಿದಡದಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಾಟ ನಿಲ್ಲಿಸಲು, ಭಕ್ತರು ನೀರಿಗೆ ಬಟ್ಟೆ ಬಿಡದಂತೆ ನೋಡಿಕೊಳ್ಳಲು ಅಧಿಕಾರಿಗಳಿಗೆ ಸೂಚಿಸಿದರು. ಸರಿಯಾದ ಸೂಚನೆ. ಇನ್ನು ಸ್ನಾನಘಟ್ಟದ ಮೆಟ್ಟಿಲಲ್ಲಿ, ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೇ ಒಂದು ದೊಡ್ಡ ತೊಟ್ಟಿ ಇಟ್ಟು, ಬಿಡುವ ಬಟ್ಟೆಯನ್ನು ಇದಕ್ಕೆ ಒಪ್ಪಿಸಿ ಎಂದು ಅರ್ಚಕರೇ ಹೇಳಿದರೆ ಎಷ್ಟೋ ಜನ ಕೇಳುತ್ತಾರೆ. ಸ್ನಾನ ಮುಗಿಸಿದವರು ಪೊಲೀಸರ ಮಾತಿಗಿಂತ ಪುರೋಹಿತರ ಮಾತಿಗೆ ಬೇಗ ತಲೆಬಾಗುವುದು ಎಲ್ಲರಿಗೂ ಗೊತ್ತಿದ್ದದ್ದೇ.

ಮೇಲೆ ತಂದ ಕಸದ ಗತಿ ಏನು ಎಂಬುದು ಕೊನೆಯ ತೊಡಕು. ನೀರು ಕುಡಿದ ಬಟ್ಟೆ ಒಣಬಟ್ಟೆಗಿಂತ ಎಷ್ಟೋ ಪಟ್ಟು ಭಾರ. ಅದನ್ನು ದಡದಲ್ಲಿ ಗುಡ್ಡೆ ಹಾಕಿ, ಸಭೆ ಮುಗಿಸಿ, ಟೀ ಕುಡಿದು ಹೊರಟರೆ ಮುಂಗಾರಿನ ಮೊದಲ ನೆರೆಗೆ ಎಲ್ಲ ವಾಪಸ್ ಹೊಳೆಗೆ. ಒಣಗಿಸಲು ನೆರೆ ಮುಟ್ಟದ ಎತ್ತರದ ಜಾಗ ಬೇಕು, ಗಾಜು ಬೇರೆ, ಬಲೆ ಬೇರೆ, ಬಟ್ಟೆ ಬೇರೆ ಮಾಡುವ ಕೈಗಳು ಬೇಕು, ಅಂದೇ ಸಂಜೆಯೊಳಗೆ ಟ್ರ್ಯಾಕ್ಟರ್ ಬರಬೇಕು. ಅದನ್ನು ಕೊಪ್ಪದವರು ಕಳಿಸಬೇಕೋ ಕುಶಾಲನಗರದವರು ಕಳಿಸಬೇಕೋ ಎಂಬ ಚರ್ಚೆಯನ್ನು ಹೊಳೆಗಿಳಿಯುವ ಹುಡುಗರ ತಲೆಗೆ ಕಟ್ಟುವಂತಿಲ್ಲ. ಎರಡೂ ಜಿಲ್ಲಾ ಪಂಚಾಯಿತಿಗಳು ಡಿಸೆಂಬರ್‌ನಲ್ಲೇ ಒಂದು ದಿನ ಕೂತು, ಸೇತುವೆಯಿಂದ ಕಣಿವೆವರೆಗಿನ ಪಾತ್ರಕ್ಕೆ ಜಂಟಿಯಾಗಿ ಒಬ್ಬ ಅಧಿಕಾರಿಯನ್ನು ಗೊತ್ತು ಮಾಡಿ, ಜಲಾಶಯದ ಕಚೇರಿಯಿಂದ ನೀರು ಬಿಡದ ಭಾನುವಾರಗಳ ಪಟ್ಟಿ ಪಡೆದು, ಅಗ್ನಿಶಾಮಕ ದಳದ ಒಂದು ತಂಡವನ್ನು ದಡದಲ್ಲಿ ನಿಲ್ಲಿಸುವ ಏರ್ಪಾಟು ಮಾಡಿಕೊಟ್ಟರೆ ಸಾಕು. ಉಸಿರು ಹಿಡಿಯಬಲ್ಲ ಹುಡುಗರು ಎರಡು ದಡದಲ್ಲೂ ಇದ್ದಾರೆ. ಸಂಕ್ರಾಂತಿ ಕಳೆದ ಮೊದಲ ಭಾನುವಾರದಿಂದಲೇ ಕೆಲಸ ಶುರುವಾಗಬಹುದು.